ಚಕ್ಕುಬಂದಿ

ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು,
ಜೆರಾಕ್ಸ್ ಅಂಗಡಿಯ ಬಗಲಿಗೆ
ಎಂಟಡಿ ಅಗಲದ ನನ್ನ ಟೈಪಿಂಗ್ ಮಳಿಗೆ.
ಹತ್ತೊಂಬತ್ತು ವರ್ಷ ಊರವರ ಆಸ್ತಿ ಪಾಲು ಮಾಡಿ
ಪುಟಕ್ಕಿಷ್ಟು ಅಂತ ಬದುಕಿದವಳು.

ಇವತ್ತು ಪಾಲಾಗಬೇಕಿರುವುದು
ಮೇಜಿನ ಕೆಳಗೆ ಗುಂಯ್‌ಗುಡುವ ಡಬ್ಬಿಯೊಳಗಿನ
ಮುನ್ನೂರ ಇಪ್ಪತ್ತು ಜಿಬಿ.

ಹಳೆಯ ವಿಂಡೋಸ್ ಬಿಡುವ ಹಾಗಿಲ್ಲ.
ನನ್ನ ಹಳೆಯ ಪತ್ರಗಳು ಅದರಲ್ಲಷ್ಟೇ ಕನ್ನಡ;
ಬೇರೆಡೆ ತೆರೆದರೆ ಒತ್ತಕ್ಷರವೆಲ್ಲ ಕಳಚಿಬಿದ್ದು
ಡಾಲರು, ಶೇಕಡಾ, ಅರ್ಧ ಆವರಣ.
ಹೊಸದು ಬೇಡವೆನ್ನುವ ಹಾಗೂ ಇಲ್ಲ.
ಸರ್ಕಾರದ ಪೋರ್ಟಲ್ಲು
ಹಳಬನ ಮುಖ ಕಂಡರೆ ಅಗುಳಿ ತೆಗೆಯುವುದಿಲ್ಲ.

ಎಸ್.ಪಿ. ರಸ್ತೆಯಿಂದ ಇಲ್ಯಾಸ್ ಬಂದ,
ಬೀಗದ ಗೊಂಚಲಿನಲ್ಲಿ ಪೆನ್‌ಡ್ರೈವ್ ಕುಣಿಸುತ್ತ.
"ಮೊದ್ಲು ಬ್ಯಾಕಪ್ ಅಕ್ಕಾ.
ಕೈ ಜಾರಿದ್ರೆ ಅದೂ ಇಲ್ಲ, ಇದೂ ಇಲ್ಲ."
ಆ ಮಾತು ನಾನು ಕಕ್ಷಿದಾರರಿಗೆ ಹೇಳುವುದು,
ಮೂಲಪತ್ರ ಕೊಡುವ ಮೊದಲು.

ಪರದೆಯ ಮೇಲೊಂದು ನೀಲಿ ಪಟ್ಟಿ, ತುದಿಯಿಂದ ತುದಿಗೆ.
ಅವನು ಬದುವನ್ನು ಮೌಸಿನಲ್ಲಿ ಹಿಡಿದು ಎಡಕ್ಕೆ ಎಳೆದ.
ಅರ್ಧ ದಾರಿಯಲ್ಲಿ ನಿಂತಿತು.
"ನಡುವೆ ಯಾವುದೋ ಫೈಲ್ ಕೂತಿದೆ, ಕದಲ್ತಿಲ್ಲ."
ಇದೂ ಗೊತ್ತು ನನಗೆ:
ಎಲ್ಲರೂ ಸಹಿ ಹಾಕಿದ ಮೇಲೆ
ನಡುಕೋಣೆ ಬಿಡದೆ ಕೂತ ಸೋದರತ್ತೆ.

ಅದೇನೋ ಆರಿಸಿದ, ಅದೇನೋ ಜೋಡಿಸಿದ.
ಎರಡು ಚಹಾ ಆಯಿತು.
ಕರೆಂಟು ಹೋಗಿ ಯುಪಿಎಸ್ ಕೀಂ ಎಂದಾಗ
ಇಬ್ಬರೂ ಉಸಿರು ಬಿಗಿಹಿಡಿದು
ಬೆಸ್ಕಾಂಗೆ ಮನಸ್ಸಿನಲ್ಲೇ ಕೈಮುಗಿದೆವು.

"ಈಗ ಹೇಳಿ, ಯಾರಿಗೆ ಎಷ್ಟು?"
ಬಾಯಿಗೆ ಬಂದದ್ದು ರೂಢಿಯ ಮಾತು:
ಪೂರ್ವಕ್ಕೆ ವಿಂಡೋಸಿನ ಸ್ವತ್ತು,
ಪಶ್ಚಿಮಕ್ಕೆ ಉಬುಂಟು,
ಉತ್ತರ ದಕ್ಷಿಣಕ್ಕೆ ತಗಡಿನ ಗೋಡೆ.
ಅವನು ನಕ್ಕ. ಎರಡು ಗೆರೆ ಎಳೆಯಲು ಹೊರಟ.

"ತಡಿ. ನಡುವೆ ಓಣಿ ಬಿಡು."
"ಓಣಿ?"
"ಇಬ್ಬರೂ ಓಡಾಡುವಂಥದ್ದು. ಒಬ್ಬ ಇಟ್ಟದ್ದು
ಇನ್ನೊಬ್ಬ ತೆಗೆದುಕೊಳ್ಳುವಂಥದ್ದು."
ಆಗುತ್ತೆ ಅಂದ. ಮೂವತ್ತು ಜಿಬಿ ಸಾಕೇ ಅಂದ.
ಸಾಕು.

ಓಕಳೀಪುರದ ಇಪ್ಪತ್ತು-ಮೂವತ್ತರ ಸೈಟಿನಲ್ಲಿ
ನನಗೂ ತಂಗಿ ಇಂದ್ರಾಣಿಗೂ ಪಾಲಾದಾಗ
ಪತ್ರ ಟೈಪು ಮಾಡಿದವಳು ನಾನೇ.
ಒಂದು ಕಾಗುಣಿತ ತಪ್ಪಿಲ್ಲ.
ಓಣಿ ಬರೆಯುವುದು ಮರೆತೆ.
ಗೋಡೆ ಎದ್ದಿತು: ನಲ್ಲಿ ಅವಳ ಕಡೆ,
ಮೀಟರು ನನ್ನ ಕಡೆ.
ಆರು ವರ್ಷದಿಂದ ಬಿಲ್ಲನ್ನು
ಕಿಟಕಿಯಲ್ಲಿ ತೂರಿಸುತ್ತೇನೆ;
ದುಡ್ಡು ಅದೇ ಕಿಟಕಿಯಲ್ಲಿ ವಾಪಸು.
ಕೈ ಮಾತ್ರ ಕಾಣುತ್ತದೆ,
ಅಮ್ಮನ ಬಳೆಗಳಲ್ಲಿ ಅವಳ ಪಾಲಿನವು.

ಈಗ ಬೆಳಿಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆ
ಯಾರು ಬೇಕು ಎನ್ನುತ್ತದೆ, ಹತ್ತರಿಂದ ಎಣಿಸುತ್ತದೆ.
ಸುಮ್ಮನಿದ್ದರೆ ತಾನೇ ಒಬ್ಬನನ್ನು ಎಬ್ಬಿಸುತ್ತದೆ.
ಎಲ್ಲ ನೆಟ್ಟಗಿದೆ, ಗಡಿಯಾರವೊಂದು ಬಿಟ್ಟು.
ಉಬುಂಟುವಿನಿಂದ ವಿಂಡೋಸಿಗೆ ದಾಟಿದರೆ
ಗಂಟೆ ಐದೂವರೆ ಹಿಂದಕ್ಕೆ.
ಒಂದೇ ಯಂತ್ರ, ಒಂದೇ ಬ್ಯಾಟರಿ;
ಒಬ್ಬ ಅದನ್ನು ಲಂಡನ್ನಿನದು ಅಂತ ಇಡುತ್ತಾನೆ,
ಇನ್ನೊಬ್ಬ ಬೆಂಗಳೂರಿನದು ಅಂತ ಓದುತ್ತಾನೆ.

ಬಾಗಿಲಲ್ಲಿ ಜನ, ಬಿಸಿಲು, ಹನ್ನೊಂದು ಗಂಟೆ.
ಪರದೆಯ ಮೂಲೆಯಲ್ಲಿ ಬೆಳಗಿನ ಐದೂವರೆ,
ಗೋಡೆಯಾಚೆ ಕಾವೇರಿ ನೀರು ಬರುವ ಹೊತ್ತು:
ಮೊದಲು ಗಾಳಿ ಕೆಮ್ಮುತ್ತದೆ ನಲ್ಲಿ,
ಆಮೇಲೆ ಸ್ಟೀಲು ಬಿಂದಿಗೆಯ ತಳ.

"ಒಂದು ಸಾಲು ಹೊಡೆದ್ರೆ ಸರಿಹೋಗುತ್ತೆ ಅಕ್ಕಾ,"
ಫೋನಿನಲ್ಲಿ ಇಲ್ಯಾಸ್.
ತಾರೀಖು ಸರಿಯಿದೆಯಲ್ಲ, ಇರಲಿ ಅಂದೆ.
ಮುಂದಿನವರು ಬನ್ನಿ.
ಎಷ್ಟು ಜನಕ್ಕೆ ಪಾಲು? ಓಣಿ ಎಷ್ಟಡಿ?